ಡ್ರಗ್ಸ್ ಹೊಂದಿದ್ದ ಪ್ರಕರಣದಲ್ಲಿ ಶಿಕ್ಷೆಯಾದ ಮೇಲೆ: ಮೇಲ್ಮನವಿಯ ದಾರಿ, ಹಂತ ಹಂತವಾಗಿ

ಗಾಂಜಾ, ಎಂಡಿಎಂಎ, ಚರಸ್, ಹೆರಾಯಿನ್ ಯಾವುದೇ ಇರಲಿ, ಮಾದಕ ವಸ್ತು ಹೊಂದಿದ್ದ ಆರೋಪದ ಪ್ರಕರಣದಲ್ಲಿ ಸಾಕ್ಷ್ಯದ ಬಹುಪಾಲು ಪೊಲೀಸರೇ ಬರೆದ ಕಾಗದ. ಠಾಣಾ ದಿನಚರಿಯ ನಮೂದು, ಜಪ್ತಿ ಮಹಜರು, ಪಿ.ಎಫ್. (ಜಪ್ತಿಯಾದ ಸ್ವತ್ತಿನ ನಮೂನೆ), ದಾಸ್ತಾನು ಪಟ್ಟಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ. ಪ್ರತಿ ಕಾಗದದಲ್ಲೂ ದಿನಾಂಕ, ಸಮಯ, ತೂಕ ಮತ್ತು ಮೊಹರಿನ ವಿವರ ಇರುತ್ತದೆ. ಇವು ಒಂದಕ್ಕೊಂದು ಕೊಂಡಿಯಂತೆ ಸೇರಬೇಕು. ಎಲ್ಲಿ ಸೇರುವುದಿಲ್ಲವೋ ಮೇಲ್ಮನವಿಯ ಬಲ ಅಲ್ಲಿದೆ. ಮನೆಯ ಬಡತನ, ಆರೋಪಿಯ ವಯಸ್ಸು, ತಾಯಿಯ ಕಾಯಿಲೆ ಇವೆಲ್ಲ ನಿಜವಾದ ಸಂಕಟಗಳೇ. ಆದರೆ ಮಾದಕ ವಸ್ತು ಕಾಯ್ದೆಯಲ್ಲಿ ಅವುಗಳಿಂದ ತೀರ್ಪು ಬದಲಾಗುವುದು ಕಡಿಮೆ. ದಾಖಲೆಗಳನ್ನು ತಾಳ್ಮೆಯಿಂದ ಓದಿದವರಿಗೆ ಮಾತ್ರ ದಾರಿ ಕಾಣುತ್ತದೆ.

ಈ ಲೇಖನ ಕರ್ನಾಟಕದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯಡಿ (ಮಾದಕ ಮತ್ತು ಮನಃಪ್ರಭಾವಿ ವಸ್ತುಗಳ ಕಾಯ್ದೆ) ಶಿಕ್ಷೆಯಾದವರ ಮನೆಯವರಿಗೆ ಮತ್ತು ಇಂಥ ಪ್ರಕರಣವನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಕಿರಿಯ ವಕೀಲರಿಗೆ.

ಮೊದಲು ಪ್ರಮಾಣ, ಆಮೇಲೆ ಕೋರ್ಟು

ತೀರ್ಪು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಕೊನೆಯ ಪುಟದ ಆದೇಶ. ಯಾವ ಕಲಂ, ಎಷ್ಟು ವರ್ಷ, ಎಷ್ಟು ದಂಡ, ದಂಡ ಕಟ್ಟದಿದ್ದರೆ ಎಷ್ಟು ಕಾಲ, ವಿಚಾರಣಾ ಕಾಲದ ಬಂಧನವನ್ನು ಕಳೆದಿದ್ದಾರೆಯೇ ಎಂಬ ಐದು ವಿಷಯಗಳನ್ನು ಬರೆದಿಟ್ಟುಕೊಳ್ಳಿ.

ಶಿಕ್ಷೆಯ ಅಳತೆ ವಸ್ತುವಿನ ಪ್ರಮಾಣದ ಮೇಲೆ ನಿಂತಿದೆ. ಗಾಂಜಾಕ್ಕೆ ಸಣ್ಣ ಪ್ರಮಾಣದ ಮಿತಿ 1 ಕೆ.ಜಿ., ವಾಣಿಜ್ಯ ಪ್ರಮಾಣದ ಮಿತಿ 20 ಕೆ.ಜಿ. ಚರಸ್‌ಗೆ 100 ಗ್ರಾಂ ಮತ್ತು 1 ಕೆ.ಜಿ.; ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ; ಕೊಕೇನ್‌ಗೆ 2 ಗ್ರಾಂ ಮತ್ತು 100 ಗ್ರಾಂ; ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಸಣ್ಣ ಪ್ರಮಾಣವಾದರೆ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಡುವಿನ ಪ್ರಮಾಣಕ್ಕೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ, ದಂಡ ಒಂದರಿಂದ ಎರಡು ಲಕ್ಷ.

ಇಲ್ಲೊಂದು ಸೂಕ್ಷ್ಮವಿದೆ, ಹಲವರು ಗಮನಿಸುವುದಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಸಣ್ಣ ಪ್ರಮಾಣ ಎಂದರೆ ನಿಗದಿತ ತೂಕಕ್ಕಿಂತ ಕಡಿಮೆ, ವಾಣಿಜ್ಯ ಪ್ರಮಾಣ ಎಂದರೆ ನಿಗದಿತ ತೂಕಕ್ಕಿಂತ ಹೆಚ್ಚು. ಆದ್ದರಿಂದ ಸರಿಯಾಗಿ 20 ಕೆ.ಜಿ. ಗಾಂಜಾ ವಾಣಿಜ್ಯ ಪ್ರಮಾಣವಲ್ಲ. ಸರಿಯಾಗಿ 1 ಕೆ.ಜಿ. ಸಣ್ಣ ಪ್ರಮಾಣವೂ ಅಲ್ಲ. ಮಹಜರಿನಲ್ಲಿ 20 ಕೆ.ಜಿ. 300 ಗ್ರಾಂ ಎಂದಿದ್ದು, ಆ ತೂಕ ಗೋಣಿಚೀಲ ಮತ್ತು ಪ್ಲಾಸ್ಟಿಕ್ ಕವರ್ ಸಮೇತದ್ದಾಗಿದ್ದರೆ ನಿವ್ವಳ ತೂಕ ಎಷ್ಟೆಂಬ ಪ್ರಶ್ನೆಗೆ ಹತ್ತು ವರ್ಷಗಳ ಬೆಲೆಯಿದೆ.

ಮೇಲ್ಮನವಿ ಎಲ್ಲಿಗೆ? ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದರೆ ಹೈಕೋರ್ಟಿಗೆ. ಬೆಂಗಳೂರಿನಲ್ಲಿ ಎನ್‌ಡಿಪಿಎಸ್‌ಗೆಂದೇ ವಿಶೇಷ ನ್ಯಾಯಾಲಯವಿದೆ. ಜಿಲ್ಲೆಗಳಲ್ಲಿ ಸೆಷನ್ಸ್ ನ್ಯಾಯಾಧೀಶರೇ ಆ ಅಧಿಕಾರದಲ್ಲಿ ಕೂರುತ್ತಾರೆ. ಸಣ್ಣ ಪ್ರಮಾಣದ ಪ್ರಕರಣವನ್ನೋ ಸೇವನೆಯ ಪ್ರಕರಣವನ್ನೋ ಮ್ಯಾಜಿಸ್ಟ್ರೇಟ್ ತೀರ್ಮಾನಿಸಿದ್ದರೆ ಮೇಲ್ಮನವಿ ಸೆಷನ್ಸ್ ನ್ಯಾಯಾಲಯಕ್ಕೆ. ಹೈಕೋರ್ಟಿನಲ್ಲೂ ಸರಿಯಾದ ಪೀಠಕ್ಕೆ ಹೋಗಬೇಕು. ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ತೀರ್ಪುಗಳು ಧಾರವಾಡ ಪೀಠಕ್ಕೆ, ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರದವು ಕಲಬುರಗಿ ಪೀಠಕ್ಕೆ, ಉಳಿದವು ಬೆಂಗಳೂರಿಗೆ.

ಅರವತ್ತು ದಿನಗಳ ಲೆಕ್ಕ

ಹೈಕೋರ್ಟಿಗೆ 60 ದಿನ, ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ. ತೀರ್ಪಿನ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾರ್ಚ್ 3ಕ್ಕೆ ತೀರ್ಪಾದರೆ ಅರವತ್ತನೆಯ ದಿನ ಮೇ 2. ದೃಢೀಕೃತ ನಕಲು ಪಡೆಯಲು ಹಿಡಿದ ಸಮಯವನ್ನು ಕಾಲಮಿತಿ ಕಾಯ್ದೆಯ ಕಲಂ 12ರಂತೆ ಕಳೆಯಬಹುದು. ಆದರೆ ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾದ ದಿನದವರೆಗಿನ ಕಾಲ ಮಾತ್ರ ಕಳೆಯುತ್ತದೆ. ಸಿದ್ಧವಾದ ಮೇಲೆ ನೀವು ಹೋಗಿ ತರಲು ತಡಮಾಡಿದ ದಿನಗಳು, ಶುಲ್ಕ ಕಟ್ಟಲು ಕರೆದ ಮೇಲೆ ಕಟ್ಟದೆ ಬಿಟ್ಟ ದಿನಗಳು ನಿಮ್ಮ ತಲೆಗೇ ಬರುತ್ತವೆ. ನಕಲಿನ ಕೊನೆಯಲ್ಲಿ ಒತ್ತುವ ಮುದ್ರೆಯಲ್ಲಿ ಈ ದಿನಾಂಕಗಳೆಲ್ಲ ಇರುತ್ತವೆ. ಹೈಕೋರ್ಟ್ ಕಚೇರಿ ಮೊದಲು ನೋಡುವುದು ಅದನ್ನೇ.

ಜೈಲು ಶಿಕ್ಷೆ ವಿಧಿಸಿದ ದಿನವೇ ಅಪರಾಧಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬುದು ಕಾನೂನು (ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ಕಲಂ 404; ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯಲ್ಲಿ 363). ಅದನ್ನು ಕೇಳಿ ಪಡೆಯಿರಿ. ಅದು ಸಿಕ್ಕ ಮೇಲೆ ನಕಲಿನ ಸಮಯ ಕಳೆಯುತ್ತದೆಂದು ನಂಬಿ ಕೂರಬೇಡಿ. 60 ದಿನದೊಳಗೇ ಸಲ್ಲಿಸುವ ಗುರಿ ಇರಲಿ. ತೀರ್ಪಿನ ಜೊತೆಗೇ ಸಾಕ್ಷಿಗಳ ಹೇಳಿಕೆ ಮತ್ತು ನಿಶಾನೆ (ಕೋರ್ಟು ಗುರುತು ಹಾಕಿ ಸೇರಿಸಿಕೊಂಡ) ದಾಖಲೆಗಳಿಗೂ ಅದೇ ವಾರ ನಕಲು ಅರ್ಜಿ ಹಾಕಿ. ತೀರ್ಪೊಂದನ್ನೇ ಇಟ್ಟುಕೊಂಡು ಬರೆದ ಮೇಲ್ಮನವಿ ತೀರ್ಪಿಗಿಂತ ಆಚೆಗೆ ಏನನ್ನೂ ಕಾಣಲಾರದು.

ತಡವಾಗಿಬಿಟ್ಟಿದ್ದರೆ ಕೈಚೆಲ್ಲಬೇಡಿ. ಕಾಲಮಿತಿ ಕಾಯ್ದೆಯ ಕಲಂ 5ರಡಿ ವಿಳಂಬ ಮನ್ನಿಸಲು ಅರ್ಜಿ ಮತ್ತು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬಹುದು. ‘ಹಣವಿರಲಿಲ್ಲ’ ಎಂಬ ಒಂದು ಸಾಲು ಸಾಲದು. ಜೈಲಿಗೆ ಯಾವಾಗ ವಕಾಲತ್ತು ಕಳಿಸಿದಿರಿ, ಸಹಿಯಾಗಿ ಯಾವಾಗ ಬಂತು, ಕಾನೂನು ನೆರವಿಗೆ ಯಾವಾಗ ಅರ್ಜಿ ಹಾಕಿದಿರಿ ಎಂಬುದನ್ನು ದಿನಾಂಕ ಸಹಿತ ಬರೆದು ಕಾಗದ ಲಗತ್ತಿಸಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ

ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ಉಚಿತ ವಕೀಲರ ಹಕ್ಕಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ. ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ನೇರವಾಗಿ ಬರೆಯಬಹುದು, ಜಿಲ್ಲಾ ಪ್ರಾಧಿಕಾರದ ಮೂಲಕ ಹೋಗಬಹುದು, ಜೈಲಿನೊಳಗಿನ ಕಾನೂನು ನೆರವು ಕೇಂದ್ರದಲ್ಲಿ ಹೇಳಬಹುದು. ಸಹಾಯವಾಣಿ 15100. ಎರಡನೆಯ ದಾರಿ, ಕೈದಿ ಸ್ವತಃ ಮೇಲ್ಮನವಿ ಬರೆದು ಜೈಲಿನ ಅಧಿಕಾರಿಗೆ ಕೊಡುವುದು (ಬಿಎನ್‌ಎಸ್‌ಎಸ್ ಕಲಂ 424). ಅಧಿಕಾರಿ ಅದನ್ನು ಹೈಕೋರ್ಟಿಗೆ ಕಳಿಸಲೇಬೇಕು. ಕೊಟ್ಟ ದಿನಾಂಕಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಹೊಲ ಅಡವಿಟ್ಟು, ಚಿನ್ನ ಮಾರಿ ವಕೀಲರ ಫೀಸು ಕಟ್ಟುವ ಮೊದಲು ಈ ಎರಡು ದಾರಿಗಳು ಮನೆಯವರಿಗೆ ತಿಳಿದಿರಬೇಕು. ಯಾರೂ ಹೇಳುವುದಿಲ್ಲ, ಆದ್ದರಿಂದ ಒತ್ತಿ ಹೇಳುತ್ತಿದ್ದೇವೆ.

ಸಲ್ಲಿಕೆಯ ಕಡತ

ಮೇಲ್ಮನವಿ ಪತ್ರ, ತೀರ್ಪು ಮತ್ತು ಶಿಕ್ಷೆಯ ಆದೇಶದ ದೃಢೀಕೃತ ನಕಲು, ವಕಾಲತ್ತು (ಕೈದಿಯಾಗಿದ್ದರೆ ಜೈಲು ಅಧಿಕಾರಿಯ ದೃಢೀಕರಣದೊಂದಿಗೆ), ಶಿಕ್ಷೆ ಅಮಾನತಿನ ಅರ್ಜಿ ಮತ್ತು ಅದರ ಅಫಿಡವಿಟ್, ಅಗತ್ಯವಿದ್ದರೆ ವಿಳಂಬ ಮನ್ನಾ ಅರ್ಜಿ. ಮೇಲ್ಮನವಿಯನ್ನು ಎನ್‌ಡಿಪಿಎಸ್ ಕಾಯ್ದೆಯ ಕಲಂ 36-ಬಿ ಜೊತೆಗೆ ಬಿಎನ್‌ಎಸ್‌ಎಸ್ ಕಲಂ 415(2)ರಡಿ ಸಲ್ಲಿಸುತ್ತಾರೆ. ವಿಚಾರಣೆ ಹಳೆಯ ಸಂಹಿತೆಯಡಿ ನಡೆದಿದ್ದರೆ ಸಿಆರ್‌ಪಿಸಿ 374(2)ನ್ನೂ ನಮೂದಿಸುವುದು ಸುರಕ್ಷಿತ. ಎದುರುದಾರರ ಹೆಸರು ಸರಿಯಿರಲಿ. ಪೊಲೀಸ್ ಠಾಣೆಯ ಪ್ರಕರಣವಾದರೆ ಕರ್ನಾಟಕ ರಾಜ್ಯ, ಸಂಬಂಧಿತ ಠಾಣೆಯ ಮೂಲಕ. ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ದಳ) ಪ್ರಕರಣವಾದರೆ ಕೇಂದ್ರ ಸರ್ಕಾರ, ಎನ್‌ಸಿಬಿ ಮೂಲಕ. ಇದು ತಪ್ಪಿದರೆ ನೋಟಿಸು ಬೇರೆ ಅಭಿಯೋಜಕರಿಗೆ (ಸರ್ಕಾರದ ಪರ ವಕೀಲರಿಗೆ) ಹೋಗಿ, ಅಮಾನತು ಅರ್ಜಿ ವಾರಗಟ್ಟಲೆ ಮುಂದೆ ಬೀಳುತ್ತದೆ.

ಸಲ್ಲಿಸಿದ ಮೇಲೆ ಕಚೇರಿ ಆಕ್ಷೇಪಣೆ ಹಾಕುವುದು ಸಾಮಾನ್ಯ: ಪುಟ ಮಸುಕಾಗಿದೆ, ಸಹಿ ಬಿಟ್ಟಿದೆ, ದಿನಾಂಕ ತಪ್ಪಿದೆ. ಅವನ್ನು ಸರಿಪಡಿಸುವವರೆಗೆ ಪ್ರಕರಣ ಪೀಠದ ಮುಂದೆ ಬರುವುದಿಲ್ಲ. ಮನೆಯವರು ಸಿಎನ್‌ಆರ್ ಸಂಖ್ಯೆ (ಪ್ರಕರಣದ ಗುರುತಿನ ಸಂಖ್ಯೆ) ಪಡೆದು ಇ-ಕೋರ್ಟ್ಸ್ ತಾಣದಲ್ಲಿ ತಾವೇ ನೋಡುತ್ತಿರಬಹುದು. ‘ಆಕ್ಷೇಪಣೆ ಬಾಕಿ’ ಎಂದಿದ್ದರೆ ವಕೀಲರಿಗೆ ಫೋನ್ ಮಾಡಿ.

ಶಿಕ್ಷೆಯ ಅಮಾನತು

ಮೇಲ್ಮನವಿ ಅಂತಿಮ ವಿಚಾರಣೆಗೆ ಬರಲು ವರ್ಷಗಳು ಹಿಡಿಯಬಹುದು. ಅಲ್ಲಿಯವರೆಗೆ ಹೊರಗಿರಲು ಬೇಕಾದದ್ದು ಶಿಕ್ಷೆಯ ಅಮಾನತು (ಬಿಎನ್‌ಎಸ್‌ಎಸ್ ಕಲಂ 430, ಹಿಂದಿನ 389). ಎನ್‌ಡಿಪಿಎಸ್ ಕಾಯ್ದೆಯ ಕಲಂ 32-ಎ ಅಮಾನತು ಕೂಡದು ಎನ್ನುತ್ತದೆ. ಆದರೆ 2000ರ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೇಲ್ಮನವಿ ನ್ಯಾಯಾಲಯದ ಅಮಾನತಿನ ಅಧಿಕಾರವನ್ನು ಕಿತ್ತುಕೊಳ್ಳುವಷ್ಟರ ಮಟ್ಟಿಗೆ ಆ ಕಲಂ ಅಸಾಂವಿಧಾನಿಕ ಎಂದಿತು. ಆದ್ದರಿಂದ ಅಮಾನತು ಸಾಧ್ಯ, ಆದರೆ ಕಲಂ 37ರ ಷರತ್ತುಗಳಿಗೆ ಒಳಪಟ್ಟು.

ಕಲಂ 37 ವಾಣಿಜ್ಯ ಪ್ರಮಾಣಕ್ಕೆ ಮತ್ತು 19, 24, 27-ಎ ಕಲಂಗಳಿಗೆ ಅನ್ವಯಿಸುತ್ತದೆ. ಸರ್ಕಾರಿ ಅಭಿಯೋಜಕರಿಗೆ ವಿರೋಧಿಸಲು ಅವಕಾಶ ಕೊಡಬೇಕು. ಅವರು ವಿರೋಧಿಸಿದರೆ, ಈತ ತಪ್ಪಿತಸ್ಥನಲ್ಲ ಎಂದು ನಂಬಲು ಸಮಂಜಸ ಕಾರಣಗಳಿವೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡುವ ಸಂಭವವಿಲ್ಲ ಎಂಬ ಎರಡೂ ವಿಷಯ ಪೀಠಕ್ಕೆ ಮನವರಿಕೆಯಾಗಬೇಕು. ನಡುವಿನ ಪ್ರಮಾಣಕ್ಕೆ ಈ ಅಡ್ಡಿಯಿಲ್ಲ. ಎಷ್ಟೋ ಅರ್ಜಿಗಳಲ್ಲಿ ಈ ವ್ಯತ್ಯಾಸವನ್ನೇ ಹೇಳಿರುವುದಿಲ್ಲ, ಆರು ಕೆ.ಜಿ. ಗಾಂಜಾದ ಪ್ರಕರಣದಲ್ಲೂ ಕಲಂ 37ರ ಮೇಲೆ ವಾದ ಮಾಡುತ್ತಾ ಕೂರುತ್ತಾರೆ. ಅರ್ಜಿಯ ಮೊದಲ ಪ್ಯಾರಾದಲ್ಲೇ ಪ್ರಮಾಣ ಯಾವ ವರ್ಗದ್ದೆಂದು ಬರೆಯಿರಿ.

ವಾಣಿಜ್ಯ ಪ್ರಮಾಣದಲ್ಲಿ ಎರಡು ದಿಕ್ಕಿನಿಂದ ವಾದ ಕಟ್ಟಬೇಕು. ಒಂದು, ದಾಖಲೆಯ ಮುಖದಲ್ಲೇ ಕಾಣುವ ದೊಡ್ಡ ದೋಷ. ಅಮಾನತಿನ ಹಂತದಲ್ಲಿ ಸಾಕ್ಷ್ಯವನ್ನು ಪೂರ್ತಿ ಅಳೆಯುವುದಿಲ್ಲ. ಹತ್ತು ಅಂಶಗಳನ್ನು ಸುರಿದರೆ ಒಂದೂ ನಾಟುವುದಿಲ್ಲ. ಎರಡು ಸಾಕು. ಇನ್ನೊಂದು, ಈಗಾಗಲೇ ಕಳೆದ ಸೆರೆವಾಸ. ಹತ್ತು ವರ್ಷದ ಶಿಕ್ಷೆಯಲ್ಲಿ ಆರೇಳು ವರ್ಷ ಕಳೆದು, ಮೇಲ್ಮನವಿ ಸದ್ಯಕ್ಕೆ ವಿಚಾರಣೆಗೆ ಬರುವ ಲಕ್ಷಣ ಇಲ್ಲದಿದ್ದರೆ ಅದು ಗಟ್ಟಿಯಾದ ಕಾರಣ. ವಿಚಾರಣೆ ಅತಿಯಾಗಿ ಎಳೆದ ಸಂದರ್ಭದಲ್ಲಿ ಕಲಂ 37 ಒಂದೇ ಜಾಮೀನಿಗೆ ಅಡ್ಡ ನಿಲ್ಲಲಾರದು ಎಂದು ಸುಪ್ರೀಂ ಕೋರ್ಟ್ 2023ರ ಮೊಹಮ್ಮದ್ ಮುಸ್ಲಿಂ ಪ್ರಕರಣದಲ್ಲಿ ಹೇಳಿದೆ. ಅದು ವಿಚಾರಣಾಧೀನ ಕೈದಿಯ ಪ್ರಕರಣ, ಆದರೆ ಅದರ ತರ್ಕ ಇಲ್ಲೂ ನೆರವಾಗುತ್ತದೆ.

ಅರ್ಜಿಗೆ ಲಗತ್ತಿಸಬೇಕಾದವು: ಜೈಲಿನಿಂದ ಬಂಧನ ಅವಧಿಯ ಪ್ರಮಾಣಪತ್ರ (ವರ್ಷ, ತಿಂಗಳು, ದಿನ ಸಹಿತ), ನಡತೆಯ ಪತ್ರ, ಬೇರೆ ಪ್ರಕರಣಗಳಿದ್ದರೆ ಅವುಗಳ ಸ್ಥಿತಿ, ದಂಡ ಕಟ್ಟಿದ ರಸೀದಿ. ಬೇರೆ ಪ್ರಕರಣವನ್ನು ಮುಚ್ಚಿಟ್ಟರೆ ಅಭಿಯೋಜಕರು ಅದನ್ನೇ ಎತ್ತಿ ಹಿಡಿಯುತ್ತಾರೆ, ಆಮೇಲೆ ಪೀಠ ಬೇರೆ ಯಾವ ಮಾತನ್ನೂ ನಂಬುವುದಿಲ್ಲ. ದಂಡದ ಅಮಾನತನ್ನೂ ಅರ್ಜಿಯಲ್ಲಿ ಪ್ರತ್ಯೇಕವಾಗಿ ಕೇಳಿ. ಪೀಠ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಠೇವಣಿ ಇಡಲು ಹೇಳಬಹುದು.

ಆದೇಶವಾದ ಮೇಲೆ ಕೆಲಸ ವಿಚಾರಣಾ ನ್ಯಾಯಾಲಯಕ್ಕೆ ಹೋಗುತ್ತದೆ. ಅಲ್ಲಿ ಮುಚ್ಚಳಿಕೆ, ಜಾಮೀನುದಾರರು, ಅವರ ಆಧಾರ್, ಪಹಣಿ ಅಥವಾ ಮನೆ ಕಂದಾಯದ ದಾಖಲೆ. ಪಹಣಿ ಹಳೆಯದಾಗಿದ್ದರೆ, ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದದಿದ್ದರೆ ವಾಪಸ್ ಕಳಿಸುತ್ತಾರೆ. ಆದೇಶ ಬರುವ ಮೊದಲೇ ಇವನ್ನು ಸಿದ್ಧ ಮಾಡಿಡಿ. ಜಾಮೀನು ಆದೇಶವಾಗಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಜಾಮೀನುದಾರರು ಸಿಗದವರು ಇದನ್ನು ಬಳಸಿಕೊಳ್ಳಿ.

ಕಡತ ಓದುವ ಕ್ರಮ

ಮೊದಲ ಮೇಲ್ಮನವಿಯಲ್ಲಿ ಹೈಕೋರ್ಟ್ ಸಂಗತಿ ಮತ್ತು ಕಾನೂನು ಎರಡನ್ನೂ ಹೊಸದಾಗಿ ನೋಡಬೇಕು. ಹಾಗಾಗಿ ಒಂದು ದೊಡ್ಡ ಹಾಳೆ ತೆಗೆದುಕೊಂಡು ಕಾಲಾನುಕ್ರಮದ ಪಟ್ಟಿ ಮಾಡಿ. ಮಾಹಿತಿ ಬಂದ ಸಮಯ, ಅದನ್ನು ಬರೆದ ನಮೂದು, ಮೇಲಧಿಕಾರಿಗೆ ಕಳಿಸಿದ್ದು, ಪಂಚರನ್ನು (ಮಹಜರಿನ ಸಾಕ್ಷಿಗಳನ್ನು) ಕರೆದದ್ದು, ಸ್ಥಳ ಮುಟ್ಟಿದ್ದು, ಶೋಧ, ತೂಕ, ಮಹಜರು ಶುರುವಾಗಿ ಮುಗಿದ ಸಮಯ, ಎಫ್‌ಐಆರ್, ಮುದ್ದೆಮಾಲು (ಜಪ್ತಿಯಾದ ವಸ್ತು) ಠಾಣೆಗೆ ಬಂದದ್ದು, ಮ್ಯಾಜಿಸ್ಟ್ರೇಟರ ಮುಂದೆ ಇಟ್ಟದ್ದು, ಮಾದರಿ ಪ್ರಯೋಗಾಲಯ ತಲುಪಿದ್ದು. ಪ್ರತಿ ಸಾಲಿನ ಎದುರು ನಿಶಾನೆ ಸಂಖ್ಯೆ ಮತ್ತು ಅದನ್ನು ಹೇಳಿದ ಸಾಕ್ಷಿಯ ಸಂಖ್ಯೆ ಬರೆಯಿರಿ. ಯಾವ ಸಾಲಿನ ಎದುರು ಏನೂ ಬರೆಯಲಾಗುವುದಿಲ್ಲವೋ ಅಲ್ಲಿ ನಿಮ್ಮ ಆಧಾರ ಹುಟ್ಟುತ್ತದೆ. ಎಫ್‌ಐಆರ್ ರಾತ್ರಿ ಹತ್ತಕ್ಕೆ ದಾಖಲಾಗಿದ್ದು, ಸಂಜೆ ಐದರ ಮಹಜರಿನಲ್ಲೋ ಮೊಹರಿನ ಚೀಟಿಯಲ್ಲೋ ಆಗಲೇ ಅಪರಾಧ ಸಂಖ್ಯೆ ಬರೆದಿದ್ದರೆ, ಮಹಜರು ಸ್ಥಳದಲ್ಲಿ ಬರೆದದ್ದೇ ಎಂಬ ಅನುಮಾನ ನ್ಯಾಯವಾದದ್ದು.

ಸಾಕ್ಷಿಯ ಕನ್ನಡ ಹೇಳಿಕೆಯನ್ನು ಮೂಲದಲ್ಲೇ ಓದಿ. ತೀರ್ಪು ಇಂಗ್ಲಿಷಿನಲ್ಲಿದ್ದು ಅದರಲ್ಲಿ ಸಾಕ್ಷಿಯ ಮಾತಿನ ಸಾರಾಂಶ ಮಾತ್ರ ಇದ್ದಾಗ, ಪಾಟಿ ಸವಾಲಿನಲ್ಲಿ (ಎದುರು ಪಕ್ಷದ ವಕೀಲರ ಪ್ರಶ್ನೆಗಳಿಗೆ) ಒಪ್ಪಿಕೊಂಡ ಸಣ್ಣ ಮಾತು ಬಿಟ್ಟುಹೋಗಿರಬಹುದು.

ಈಗ ಒಂದೊಂದೇ ಕೊಂಡಿ.

ಕಲಂ 42. ಕಟ್ಟಡ, ವಾಹನ ಅಥವಾ ಮುಚ್ಚಿದ ಸ್ಥಳದ ಬಗ್ಗೆ ಮಾಹಿತಿ ಬಂದರೆ ಅಧಿಕಾರಿ ಅದನ್ನು ಬರೆಯಬೇಕು, ಪ್ರತಿಯನ್ನು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ವಾರಂಟ್ ಇಲ್ಲದೆ ಹೋಗುವುದಾದರೆ ಅದಕ್ಕೆ ಕಾರಣವನ್ನೂ ಬರೆಯಬೇಕು. 2009ರ ಕರ್ನೈಲ್ ಸಿಂಗ್ ತೀರ್ಪಿನಂತೆ ತಡವಾಗಿ ಪಾಲಿಸಿ ಸರಿಯಾದ ವಿವರಣೆ ಕೊಟ್ಟರೆ ನಡೆಯುತ್ತದೆ, ಪಾಲಿಸದೆಯೇ ಬಿಟ್ಟಿದ್ದರೆ ನಡೆಯುವುದಿಲ್ಲ. ಸಾರ್ವಜನಿಕ ಸ್ಥಳವಾದರೆ ಕಲಂ 43, ಅಲ್ಲಿ ಈ ಕಟ್ಟುಪಾಡು ಇಲ್ಲ. ಅದಕ್ಕೇ ಅಭಿಯೋಜನೆ ‘ರಸ್ತೆಯಲ್ಲಿ ಸಿಕ್ಕಿತು’ ಎನ್ನುತ್ತದೆ. ಆದರೆ ರಸ್ತೆಯಲ್ಲಿ ನಿಂತ ಖಾಸಗಿ ಕಾರು ಸಾರ್ವಜನಿಕ ಸ್ಥಳವಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಬೂಟಾ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಾಹನದ ಆರ್‌ಸಿ ದಾಖಲೆಯಾಗಿದೆಯೇ, ಅದು ಖಾಸಗಿಯೋ ಬಾಡಿಗೆಯದೋ ನೋಡಿ.

ಕಲಂ 50. ಮೇಲ್ಮನವಿಗಳಲ್ಲಿ ಅತಿ ಹೆಚ್ಚು ಬಳಸುವ ಆಧಾರ ಇದು, ಅತಿ ಹೆಚ್ಚು ತಪ್ಪಾಗಿ ಬಳಸುವುದೂ ಇದನ್ನೇ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧ ಮಾಡಿಸಿಕೊಳ್ಳುವ ಹಕ್ಕನ್ನು ತಿಳಿಸಬೇಕೆಂಬ ನಿಯಮ ಮೈಶೋಧಕ್ಕೆ ಮಾತ್ರ. ಬ್ಯಾಗು, ಸೂಟ್‌ಕೇಸು, ಕಾರಿನ ಡಿಕ್ಕಿಯಲ್ಲಿ ಸಿಕ್ಕಿದ್ದಕ್ಕೆ ಅದು ಅನ್ವಯಿಸುವುದಿಲ್ಲ. 2005ರ ಪವನ್ ಕುಮಾರ್ ತೀರ್ಪಿನಿಂದ 2023ರ ರಂಜನ್ ಕುಮಾರ್ ಚಡ್ಢಾ ತೀರ್ಪಿನವರೆಗೆ ಇದೇ ನಿಲುವು. ಕೈಚೀಲದ ಗಾಂಜಾ ಪ್ರಕರಣದಲ್ಲಿ ಕಲಂ 50ನ್ನೇ ಮುಖ್ಯ ಆಧಾರ ಮಾಡಿಕೊಂಡರೆ ವಾದದ ಮೊದಲ ಹತ್ತು ನಿಮಿಷದಲ್ಲೇ ಪೀಠದ ವಿಶ್ವಾಸ ಕಳೆದುಕೊಳ್ಳುತ್ತೀರಿ. ಜೇಬಿನಲ್ಲಿ, ಸೊಂಟದಲ್ಲಿ, ಒಳಉಡುಪಿನಲ್ಲಿ ಸಿಕ್ಕಿದ್ದರೆ ಮಾತ್ರ ಈ ಕಲಂ ಹರಿತವಾಗುತ್ತದೆ. ಆಗ ತಿಳುವಳಿಕೆ ಪತ್ರದ ಪದಗಳನ್ನು ನೋಡಿ. ‘ನಿಮಗೆ ಹಕ್ಕಿದೆ’ ಎಂದಿದೆಯೇ, ‘ಬೇಕಾದರೆ’ ಎಂದಷ್ಟೇ ಇದೆಯೇ? ಮೂರನೆಯ ಆಯ್ಕೆಯಾಗಿ ‘ನಾನೇ ಶೋಧಿಸಬಹುದು’ ಎಂದು ದಾಳಿಯ ಅಧಿಕಾರಿ ಸೇರಿಸಿದ್ದಾರೆಯೇ? ಇಬ್ಬರು ಮೂವರಿಗೆ ಸೇರಿಸಿ ಒಂದೇ ಪತ್ರ ಕೊಟ್ಟು ಒಬ್ಬರ ಸಹಿ ಪಡೆದಿದ್ದಾರೆಯೇ? ಈ ಕೊನೆಯ ಎರಡೂ 2014ರ ಪರಮಾನಂದ್ ಪ್ರಕರಣದಲ್ಲಿ ಅಭಿಯೋಜನೆಗೆ ಮುಳುವಾದವು. ವಿಜಯಸಿಂಹ ಜಡೇಜಾ ಪ್ರಕರಣದಲ್ಲಿ ಸಂವಿಧಾನ ಪೀಠ ಕಟ್ಟುನಿಟ್ಟಿನ ಪಾಲನೆ ಬೇಕೆಂದಿದೆ. ಮಹಿಳೆಯ ಮೈಶೋಧವನ್ನು ಮಹಿಳೆಯೇ ಮಾಡಬೇಕು. ಆ ಸಿಬ್ಬಂದಿಯನ್ನು ಸಾಕ್ಷಿಯಾಗಿ ವಿಚಾರಿಸದಿದ್ದರೆ ಅದನ್ನೂ ಬರೆಯಿರಿ.

ಕಲಂ 52-ಎ ಮತ್ತು ಮಾದರಿ. ಅನೇಕ ಪ್ರಕರಣಗಳು ಇಲ್ಲೇ ಬೀಳುತ್ತವೆ. ಜಪ್ತಿಯಾದ ವಸ್ತುವಿನ ದಾಸ್ತಾನು ಪಟ್ಟಿ ಮಾಡಿ, ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಫೋಟೊ ತೆಗೆದು, ಮಾದರಿ ತೆಗೆದು, ಅವರಿಂದ ದೃಢೀಕರಣ ಪಡೆಯಬೇಕು. ಜಪ್ತಿಯ ಜಾಗದಲ್ಲೇ ಮಾದರಿ ತೆಗೆಯುವ ರೂಢಿ ಈ ಕಲಮಿಗೆ ಹೊಂದುವುದಿಲ್ಲ ಎಂದು 2016ರ ಮೋಹನ್‌ಲಾಲ್ ತೀರ್ಪು ಹೇಳಿತು; 2023ರ ಸಿಮರನ್‌ಜಿತ್ ಸಿಂಗ್ ಮತ್ತು ಯೂಸುಫ್ ಪ್ರಕರಣಗಳಲ್ಲಿ ಶಿಕ್ಷೆ ರದ್ದಾಯಿತು. 2022ರ ಡಿಸೆಂಬರ್‌ನಲ್ಲಿ ಜಾರಿಯಾದ ಜಪ್ತಿ, ಸಂಗ್ರಹಣೆ, ಮಾದರಿ ಮತ್ತು ವಿಲೇವಾರಿ ನಿಯಮಗಳಲ್ಲೂ ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟರ ಮುಂದೆಯೇ. ಆದರೆ ಈ ಆಧಾರವನ್ನು ಯಾಂತ್ರಿಕವಾಗಿ ಎತ್ತಬೇಡಿ. 2025ರ ಜನವರಿಯ ಭಾರತ್ ಆಂಬಾಳೆ ತೀರ್ಪಿನಂತೆ 52-ಎ ಪಾಲಿಸದ ಮಾತ್ರಕ್ಕೆ ಶಿಕ್ಷೆ ತಾನಾಗಿ ಬೀಳುವುದಿಲ್ಲ. ಉಳಿದ ಸಾಕ್ಷ್ಯ ಗಟ್ಟಿಯಿದ್ದರೆ ಉಳಿಯಬಹುದು. ಆದ್ದರಿಂದ ಈ ಲೋಪದಿಂದ ವಸ್ತುವಿನ ಗುರುತೇ ಹೇಗೆ ಅನುಮಾನಕ್ಕೆ ಬಿತ್ತು ಎಂದು ತೋರಿಸುವುದು ನಿಮ್ಮ ಕೆಲಸ. ಮಹಜರಿನ ತೂಕ ಒಂದು, ದಾಸ್ತಾನು ಪಟ್ಟಿಯ ತೂಕ ಇನ್ನೊಂದು, ಪ್ರಯೋಗಾಲಯಕ್ಕೆ ಬಂದ ಮಾದರಿಯ ತೂಕ ಮತ್ತೊಂದು ಎಂದಾದರೆ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ತೋರಿಸಿ. ಹಸಿ ಗಾಂಜಾ ಒಣಗಿದಾಗ ತೂಕ ಇಳಿಯುತ್ತದೆ ಎಂಬ ಉತ್ತರ ಬರುತ್ತದೆ. ಸಣ್ಣ ವ್ಯತ್ಯಾಸಕ್ಕೆ ಜೋತುಬೀಳಬೇಡಿ.

ಹತ್ತು ಪೊಟ್ಟಣ ಸಿಕ್ಕಿ ಒಂದರಿಂದ ಮಾತ್ರ ಮಾದರಿ ತೆಗೆದಿದ್ದರೆ ಉಳಿದ ಒಂಬತ್ತರಲ್ಲಿ ಏನಿತ್ತು ಎಂಬುದು ಸಾಬೀತಾಗಿಲ್ಲ. 1993ರ ಗೋವಾ ರಾಜ್ಯದ ಗೌಂಟರ್ ಕಿರ್ಚರ್ ಪ್ರಕರಣದಲ್ಲಿ ಎರಡು ತುಂಡು ಚರಸ್‌ನಲ್ಲಿ ಒಂದನ್ನಷ್ಟೇ ಪರೀಕ್ಷಿಸಿದ್ದರಿಂದ ಆ ಒಂದರ ತೂಕವನ್ನಷ್ಟೇ ಲೆಕ್ಕಕ್ಕೆ ಹಿಡಿದರು. ಎಲ್ಲವನ್ನೂ ಬೆರೆಸಿ ಒಂದು ಮಾದರಿ ತೆಗೆದಿದ್ದರೂ ಇದೇ ಪ್ರಶ್ನೆ. ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿಬಿಟ್ಟ ತುದಿ. ತುದಿಯಿಲ್ಲದೆ ಬರೀ ಎಲೆ, ಬೀಜ ಗಾಂಜಾ ಅಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಕಾಂಡ, ಬೇರು ಸಮೇತ ಹಸಿ ಗಿಡ ತೂಗಿ 22 ಕೆ.ಜಿ. ಎಂದಿದ್ದರೆ ತೂಕದ ಬಗ್ಗೆಯೇ ವಾದವಿದೆ. ಇದಕ್ಕೆ ತದ್ವಿರುದ್ಧವಾಗಿ, ಪುಡಿಯಲ್ಲಿ ಬೆರಕೆಯಿದ್ದರೆ ಶುದ್ಧ ಅಂಶ ಮಾತ್ರ ಲೆಕ್ಕ ಎಂಬ ಹಳೆಯ ವಾದ ಈಗ ಸತ್ತಿದೆ. 2020ರ ಹೀರಾ ಸಿಂಗ್ ತೀರ್ಪಿನಂತೆ ಇಡೀ ಮಿಶ್ರಣದ ತೂಕವೇ ತೂಕ.

ಮೊಹರಿನ ಪಯಣ. ಅರಗಿನ ಮೇಲೆ ಒತ್ತಿದ ಅಕ್ಷರ ಯಾವುದು, ಆ ಮೊಹರನ್ನು ಬಳಸಿದ ಮೇಲೆ ಯಾರಿಗೆ ಒಪ್ಪಿಸಿದರು, ಮಾದರಿ ಮೊಹರು ಪ್ರಯೋಗಾಲಯಕ್ಕೆ ಹೋಯಿತೇ, ವರದಿಯಲ್ಲಿ ‘ಮೊಹರು ಅಖಂಡ, ಮಾದರಿಗೆ ಹೊಂದುತ್ತದೆ’ ಎಂದಿದೆಯೇ? ಜಪ್ತಿಗೂ ಮಡಿವಾಳದ ಎಫ್‌ಎಸ್‌ಎಲ್ ತಲುಪಿದ ದಿನಕ್ಕೂ ನಡುವೆ ಎಷ್ಟು ದಿನ, ಆ ದಿನಗಳಲ್ಲಿ ವಸ್ತು ಎಲ್ಲಿತ್ತು? ಮುದ್ದೆಮಾಲು ದಾಖಲೆ ಪುಸ್ತಕ ನಿಶಾನೆಯಾಗಿದೆಯೇ? ತೆಗೆದುಕೊಂಡು ಹೋದ ಪೇದೆಯನ್ನು ವಿಚಾರಿಸಿದ್ದಾರೆಯೇ? ವಸ್ತುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿದರೇ? ಹಾಜರುಪಡಿಸದಿದ್ದರೆ, 52-ಎ ಪ್ರಕಾರ ವಿಲೇವಾರಿ ಮಾಡಿದ ದಾಖಲೆಯೂ ಇಲ್ಲದಿದ್ದರೆ 2003ರ ಜಿತೇಂದ್ರ ತೀರ್ಪು ಓದಿ.

ಹೊಂದಿದ್ದು ಯಾರು? ಕಾಯ್ದೆಯ 35 ಮತ್ತು 54ನೇ ಕಲಂಗಳು ಆರೋಪಿಯ ವಿರುದ್ಧ ಪೂರ್ವಗ್ರಹಿಕೆ ಹೇರುತ್ತವೆ. ಆದರೆ ವಸ್ತು ಆತನ ತಿಳಿವಿನ ವಶದಲ್ಲಿತ್ತೆಂಬ ತಳಪಾಯವನ್ನು ಮೊದಲು ಅಭಿಯೋಜನೆಯೇ ಹಾಕಬೇಕು. 2008ರ ನೂರ್ ಆಗಾ ತೀರ್ಪಿನ ಸಾರ ಇದೇ. ಐವರಿದ್ದ ಬಾಡಿಗೆ ಮನೆ, ಮೂವರು ಕೂತ ಆಟೋ, ಗೆಳೆಯನ ಬೈಕಿನ ಹಿಂಬದಿ ಸವಾರ, ಇಂಥಲ್ಲಿ ಪ್ರತಿಯೊಬ್ಬರ ವಿರುದ್ಧ ಏನಿದೆ ಎಂದು ಬೇರೆಬೇರೆಯಾಗಿ ಬರೆಯಿರಿ. ಬಾಡಿಗೆ ಕರಾರು, ಕೋಣೆಯ ಕೀಲಿ ಯಾರ ಬಳಿ ಸಿಕ್ಕಿತು ಎಂಬ ನಮೂದು, ಟಿಕೆಟ್ಟು, ಬ್ಯಾಗಿನೊಳಗಿನ ಬೇರೆ ಸಾಮಾನು ಮುಖ್ಯವಾಗುವುದು ಇಲ್ಲಿ. ಸಹ ಆರೋಪಿ ಅಧಿಕಾರಿಯ ಮುಂದೆ ಕೊಟ್ಟ ಕಲಂ 67ರ ಹೇಳಿಕೆಯ ಮೇಲಷ್ಟೇ ಶಿಕ್ಷೆಯಾಗಿದ್ದರೆ, 2020ರ ತೂಫಾನ್ ಸಿಂಗ್ ತೀರ್ಪಿನಂತೆ ಅದನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲ.

ಪಂಚರು ತಿರುಗಿಬಿದ್ದರೆಂಬ ಒಂದೇ ಕಾರಣಕ್ಕೆ ಬಿಡುಗಡೆ ಸಿಗುವುದಿಲ್ಲ; ಪೊಲೀಸ್ ಸಾಕ್ಷಿಯ ಮಾತು ನಂಬಲರ್ಹವಾಗಿದ್ದರೆ ಸಾಕು. ದೂರುದಾರರೇ ತನಿಖೆ ಮಾಡಿದರೆಂಬ ವಾದಕ್ಕೂ 2020ರ ಮುಕೇಶ್ ಸಿಂಗ್ ತೀರ್ಪಿನ ನಂತರ ಹಿಂದಿನ ಬಲವಿಲ್ಲ. ಬಂಧನ, ಜಪ್ತಿಯ ಬಗ್ಗೆ ಮೇಲಧಿಕಾರಿಗೆ 48 ಗಂಟೆಯೊಳಗೆ ಕೊಡಬೇಕಾದ ಕಲಂ 57ರ ವರದಿ ತಡವಾಗಿದ್ದು ಬೇರೆ ಲೋಪದ ಜೊತೆ ಸೇರಿದರೆ ಮಾತ್ರ ಉಪಯೋಗ. 2024ರ ಜುಲೈ 1ರ ನಂತರದ ಜಪ್ತಿಯಾದರೆ ಶೋಧದ ಧ್ವನಿ ಮತ್ತು ದೃಶ್ಯ ಮುದ್ರಣ ಬಿಎನ್‌ಎಸ್‌ಎಸ್ ಕಲಂ 105ರಂತೆ ಇರಬೇಕು. ಮುದ್ರಣ ಎಲ್ಲಿ, ಮ್ಯಾಜಿಸ್ಟ್ರೇಟರಿಗೆ ಯಾವಾಗ ಹೋಯಿತು ಎಂದು ಕೇಳಿ. ಆರೋಪಿಯ ಹೇಳಿಕೆ ಪಡೆಯುವಾಗ (ಹಿಂದಿನ ಕಲಂ 313) ಎಫ್‌ಎಸ್‌ಎಲ್ ವರದಿಯ ಬಗ್ಗೆ ಪ್ರಶ್ನೆಯನ್ನೇ ಕೇಳದೆ ಅದರ ಮೇಲೆ ಶಿಕ್ಷೆ ಕೊಟ್ಟಿದ್ದರೆ, ಅದರಿಂದ ಆರೋಪಿಗೆ ಏನು ಹಾನಿಯಾಯಿತೆಂದು ವಿವರಿಸಿ.

ಅಪರಾಧ ಉಳಿದರೂ ಶಿಕ್ಷೆಯ ಮೇಲೆ ಹೇಳಬೇಕಾದದ್ದು

ಪರ್ಯಾಯ ಕೋರಿಕೆಯನ್ನು ಮೇಲ್ಮನವಿಯಲ್ಲಿ ಬರೆಯಲು ಹಿಂಜರಿಯಬೇಡಿ. ಹಾಗೆ ಬರೆದರೆ ತಪ್ಪು ಒಪ್ಪಿದಂತೆ ಅಲ್ಲ. ಪ್ರಮಾಣದ ವರ್ಗ ಒಂದು ಮೆಟ್ಟಿಲು ಇಳಿದರೆ ಕನಿಷ್ಠ ಶಿಕ್ಷೆಯೇ ಇರುವುದಿಲ್ಲ. ಆಗ ಕಳೆದ ಅವಧಿಗೆ ಶಿಕ್ಷೆಯನ್ನು ಸೀಮಿತಗೊಳಿಸಲು ಕೇಳಬಹುದು. ವಾಣಿಜ್ಯ ಪ್ರಮಾಣವೇ ಉಳಿದರೆ ಹತ್ತು ವರ್ಷ ಮತ್ತು ಒಂದು ಲಕ್ಷಕ್ಕಿಂತ ಕೆಳಗೆ ಹೈಕೋರ್ಟೂ ಹೋಗಲಾರದು. ಆದರೆ ಹನ್ನೆರಡು, ಹದಿನೈದು ವರ್ಷ ಕೊಟ್ಟಿದ್ದರೆ ಕಲಂ 32-ಬಿ ಹೇಳುವ ಅಂಶಗಳು, ಅಂದರೆ ಆಯುಧ, ಹಿಂಸೆ, ಅಪ್ರಾಪ್ತರ ಬಳಕೆ, ಶಾಲೆ ಕಾಲೇಜಿನ ಆವರಣ, ಸಂಘಟಿತ ಜಾಲ ಇತ್ಯಾದಿಗಳಲ್ಲಿ ಯಾವುದಾದರೂ ಇತ್ತೇ ಎಂದು ಕೇಳಿ. ನ್ಯಾಯಾಲಯ ಬೇರೆ ಅಂಶಗಳನ್ನೂ ನೋಡಬಹುದು, ಉದಾಹರಣೆಗೆ ಅಗಾಧ ಪ್ರಮಾಣ. ಆದರೆ ಕನಿಷ್ಠಕ್ಕಿಂತ ಹೆಚ್ಚು ಕೊಡಲು ಕಾರಣ ಬರೆದಿರಬೇಕು. ಲಕ್ಷ ರೂಪಾಯಿ ಕಟ್ಟಲಾಗದ ಬಡವನಿಗೆ ದಂಡಕ್ಕೆ ಬದಲಾಗಿ ಎರಡು ಮೂರು ವರ್ಷ ಜೈಲು ಹಾಕಿದ್ದರೆ ಅದನ್ನು ಕಡಿಮೆ ಮಾಡಿಸಬಹುದು. 2012ರ ಶಹೇಜಾದ್‌ಖಾನ್ ಪಠಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷವನ್ನು ಆರು ತಿಂಗಳಿಗೆ ಇಳಿಸಿತು. ವ್ಯಸನಿಯಾಗಿದ್ದು ಸಣ್ಣ ಪ್ರಮಾಣದ ಅಥವಾ ಸೇವನೆಯ ಅಪರಾಧವಾದರೆ ಕಲಂ 39ರಡಿ ಚಿಕಿತ್ಸೆಗೆ ಬಿಡುಗಡೆ ಕೇಳುವ ದಾರಿಯಿದೆ. ಜೈಲಿಗಿಂತ ಚಿಕಿತ್ಸೆ ಬೇಕಾದ ಹುಡುಗರ ಪರವಾಗಿ ಈ ಕಲಮನ್ನು ಕೇಳುವವರೇ ಕಡಿಮೆ.

ಅಂತಿಮ ವಾದ ಮತ್ತು ಆ ಮೇಲೆ

ಕೆಳ ನ್ಯಾಯಾಲಯದ ದಾಖಲೆ ಬಂದಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಅದು ಬಾರದೆ ಮೇಲ್ಮನವಿಗಳು ಮುಂದೂಡುತ್ತಲೇ ಇರುತ್ತವೆ. ವಾದದ ದಿನಕ್ಕೆ ಕಾಲಾನುಕ್ರಮದ ಪಟ್ಟಿ ಒಂದು ಪುಟ, ಆಧಾರಗಳು ಎರಡು ಮೂರು ಪುಟ, ತೀರ್ಪುಗಳು ಐದಾರು ಸಾಕು. ಪ್ರತಿ ಆಧಾರಕ್ಕೂ ಪಾಟಿ ಸವಾಲಿನ ಯಾವ ಪುಟದಲ್ಲಿ ಅದರ ಬೇರಿದೆ ಎಂದು ಗುರುತಿಸಿ. ವಿಚಾರಣೆಯಲ್ಲಿ ಕೇಳದ ಪ್ರಶ್ನೆಯನ್ನು ಮೇಲ್ಮನವಿಯಲ್ಲಿ ಮೊದಲ ಸಲ ಎತ್ತಿದರೆ ‘ಸಾಕ್ಷಿಗೆ ವಿವರಿಸುವ ಅವಕಾಶವೇ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ದಾಖಲೆಯ ಮುಖದಲ್ಲೇ ಇರುವ ದೋಷಕ್ಕೆ ಈ ತೊಂದರೆ ಕಡಿಮೆ.

ಅಮಾನತಿನ ಮೇಲೆ ಹೊರಗಿರುವವರು ವಿಳಾಸ ಬದಲಾದರೆ ತಿಳಿಸಬೇಕು, ಹಾಜರಾತಿಯ ಷರತ್ತು ತಪ್ಪಿಸಬಾರದು. ಮತ್ತೊಂದು ಪ್ರಕರಣ ದಾಖಲಾದರೆ ಅಮಾನತು ರದ್ದಿಗೆ ಅರ್ಜಿ ಬರುತ್ತದೆ. ಮೇಲ್ಮನವಿದಾರ ತೀರಿಕೊಂಡರೆ ಮೇಲ್ಮನವಿ ಅಲ್ಲಿಗೆ ಮುಗಿಯುತ್ತದೆ. ಆದರೆ ಕಳಂಕ ತೊಡೆಯಲು ಹತ್ತಿರದ ಸಂಬಂಧಿಕರು 30 ದಿನದೊಳಗೆ ಮುಂದುವರಿಸಲು ಅನುಮತಿ ಕೇಳಬಹುದು, ದಂಡದ ಭಾಗವಂತೂ ಉಳಿಯುತ್ತದೆ. ತೀರ್ಪಿನಲ್ಲಿ ವಾಹನ ಮುಟ್ಟುಗೋಲಾಗಿದ್ದರೆ, ತನಗೆ ತಿಳಿಯದೆ ಬಳಸಿದರೆಂದು ಮಾಲೀಕ ಕಲಂ 60(3)ರಡಿ ತೋರಿಸಬಹುದು.

ಹೈಕೋರ್ಟಿನಲ್ಲೂ ಸೋತರೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, 90 ದಿನದೊಳಗೆ. ಅಮಾನತಿನಲ್ಲಿ ಹೊರಗಿದ್ದವರು ಮೊದಲು ಶರಣಾಗಿ ಅದರ ಪುರಾವೆ ಲಗತ್ತಿಸಬೇಕು, ಅಥವಾ ಶರಣಾಗತಿಯಿಂದ ವಿನಾಯಿತಿ ಕೇಳಿ ಅರ್ಜಿ ಹಾಕಬೇಕು. ಅಲ್ಲಿಯೂ ಕಾನೂನು ಸೇವೆಗಳ ಸಮಿತಿ ಇದೆ; ಜೈಲಿನಿಂದಲೇ ಅರ್ಜಿ ಕಳಿಸಬಹುದು. ಶರಣಾಗುವ ದಿನ ಹಿಂದಿನ ಬಂಧನ ಅವಧಿಯ ಪ್ರಮಾಣಪತ್ರದ ಪ್ರತಿಯನ್ನು ಜೈಲು ಕಚೇರಿಗೆ ಕೊಟ್ಟು, ಕಳೆದ ದಿನಗಳ ಲೆಕ್ಕ ದಾಖಲೆ ಪುಸ್ತಕದಲ್ಲಿ ಸರಿಯಾಗಿ ಏರಿದೆಯೇ ಎಂದು ಕೇಳಿ ನೋಡಿ.